ಶೌಚತೊಟ್ಟಿಯ ಗಾಳಿಕೊಳವೆ
(ಅಗಡಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಅಗಡಿಯಂತಹ ಊರುಗಳಲ್ಲಿ ಶೌಚಾಲಯ ಕಟ್ಟಿಸುವವರು ಬಾಗಿಲಿನ ಬಣ್ಣವನ್ನು ತಾವೇ ಆರಿಸುತ್ತಾರೆ. ಸೆಪ್ಟಿಕ್ ತೊಟ್ಟಿಯ ಗಾಳಿಕೊಳವೆಯನ್ನು ಗೌಂಡಿಗೆ ಬಿಡುತ್ತಾರೆ. ಆತ ಉಳಿದ ಪೈಪಿನ ತುಂಡೊಂದನ್ನು ನಿಲ್ಲಿಸಿ ಹೋಗುತ್ತಾನೆ.

ತೊಟ್ಟಿಯೊಳಗೆ ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಾಣುಗಳು ಮಲವನ್ನು ಕೊಳೆಸುತ್ತವೆ. ಆಗ ಮೀಥೇನ್, ಇಂಗಾಲದ ಡೈಆಕ್ಸೈಡ್ ಮತ್ತು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತವೆ. ಗೋಬರ್ ಗ್ಯಾಸಿನದೂ ಇದೇ ಕ್ರಿಯೆ. ಅಲ್ಲಿ ಅನಿಲ ಒಲೆಗೆ ಹೋಗುತ್ತದೆ, ಇಲ್ಲಿ ಆಕಾಶಕ್ಕೆ. ವಿಹಾರನೌಕೆಗಳಲ್ಲಿ ಮಲಜಲದ ತೊಟ್ಟಿಗೆ ಎರಡು ಬದಿಯಿಂದ ಅಗಲವಾದ ಕೊಳವೆಯಿಟ್ಟು ಹೊಸಗಾಳಿ ಹಾಯಿಸುವುದುಂಟು. ಗಾಳಿ ಬಯಸುವ ಸೂಕ್ಷ್ಮಾಣುಗಳು ಬೆಳೆದು ದುರ್ವಾಸನೆ ತಗ್ಗುತ್ತದೆ. ಸೆಪ್ಟಿಕ್ ತೊಟ್ಟಿಯ ಕೊಳವೆಯ ಕೆಲಸ ಅದಲ್ಲ; ಅನಿಲವನ್ನು ಹೊರಗೊಯ್ಯುವುದಷ್ಟೇ. ಭಾರತೀಯ ಮಾನಕ 2470ರಂತೆ ಅದರ ವ್ಯಾಸ ಕನಿಷ್ಠ 50 ಮಿ.ಮೀ. ಇರಬೇಕು, ತುದಿಗೆ ಸೊಳ್ಳೆಜಾಲರಿ ಬೇಕು. ಮನೆ 15 ಮೀಟರಿನೊಳಗಿದ್ದರೆ ಕೊಳವೆ ಮಾಳಿಗೆಗಿಂತ 2 ಮೀಟರ್ ಮೇಲೇರಬೇಕು. ಹಳ್ಳಿಯ ಹಿತ್ತಿಲಲ್ಲಿ 15 ಮೀಟರ್ ಎಲ್ಲಿಂದ ಬರಬೇಕು! ಜೋಡಿಗುಂಡಿ ಶೌಚಾಲಯಕ್ಕೆ ಮಾತ್ರ ಈ ಕೊಳವೆ ಬೇಡ. ಗೋಡೆಯ ರಂಧ್ರಗಳ ಮೂಲಕ ಅನಿಲವನ್ನು ಮಣ್ಣೇ ಹೀರುತ್ತದೆ.

ಆದರೆ ಕೊಳವೆಯಿದೆ ಎಂದು ತೊಟ್ಟಿಗೆ ಇಳಿಯುವುದು ಸಾವನ್ನು ಕರೆದಂತೆ. ಮೀಥೇನ್ ಹಗುರ, ಮೇಲೇರುತ್ತದೆ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ಕೂಡಿರುತ್ತದೆ. ಕೆಸರು ಕಲಕಿದೊಡನೆ ಇನ್ನಷ್ಟು ಉಕ್ಕುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹೊಸಬರು ಸೀನುತ್ತಾರೆ, ಹಮಾಲರಿಗೆ ಘಾಟು ರೂಢಿಯಾಗಿರುತ್ತದೆ. ಇಲ್ಲಿ ಆಗುವುದು ರೂಢಿಯಲ್ಲ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 100 ಭಾಗ ಈ ಅನಿಲವಿದ್ದರೆ ಮೂಗಿನ ಶಕ್ತಿಯೇ ಉಡುಗುತ್ತದೆ. ‘ವಾಸನೆ ಹೋಯಿತು’ ಎಂಬ ಧೈರ್ಯ ಮೂಡುವುದು ಆ ಹೊತ್ತಿಗೇ. 1000 ಭಾಗಕ್ಕೇರಿದರೆ ಒಂದೆರಡು ಉಸಿರಿನಲ್ಲಿ ಮನುಷ್ಯ ಕುಸಿಯುತ್ತಾನೆ. ಹಳೆಯ ಬಾವಿಗೆ ದೀಪ ಇಳಿಸಿ ನೋಡುವ ಪದ್ಧತಿಯನ್ನು ಇಲ್ಲಿ ತರಬಾರದು. ಪ್ರಾಣ ತೆಗೆಯುವಷ್ಟು ವಿಷವಿದ್ದರೂ ದೀಪ ಉರಿಯುತ್ತಿರಬಹುದು. ಮೀಥೇನ್ ಇದ್ದರೆ ಸಿಡಿಯಬಹುದು.

ಬಿದ್ದವನನ್ನು ಎತ್ತಲು ತಮ್ಮನೋ ಜೊತೆಗಾರನೋ ಇಳಿಯುತ್ತಾನೆ. ಒಂದೇ ತೊಟ್ಟಿಯಲ್ಲಿ ಎರಡು, ಮೂರು ಹೆಣ ಬೀಳುವುದು ಹೀಗೆ. ಯಾರೂ ಇಳಿಯದೆ 112ಕ್ಕೆ ಕರೆ ಮಾಡಬೇಕು.

ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಇಂತಹ ಸಾವಿಗೆ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ 10 ಲಕ್ಷ ರೂಪಾಯಿ ಪರಿಹಾರ ವಿಧಿಸಿತ್ತು, 2023ರಲ್ಲಿ ಅದನ್ನು 30 ಲಕ್ಷಕ್ಕೇರಿಸಿತು. ಕೂಲಿಗಾಗಿ ಇಳಿಯುವವರು ಯಾವ ಕೇರಿಯವರೆಂಬುದನ್ನು ಇಲ್ಲಿ ಕುಳಿತವರೆಲ್ಲ ಬಲ್ಲರು.

ಹೊಸದಾಗಿ ಕಟ್ಟಿಸುವವರು ಹೀರುವ ಯಂತ್ರದ ಗಾಡಿಯ ಪೈಪು ಮುಟ್ಟುವಲ್ಲಿ ತೊಟ್ಟಿಯ ಬಾಯಿ ಇಡಲಿ. ಅದರ ಮೇಲೆ ಬಟ್ಟೆ ಒಗೆಯುವ ಕಲ್ಲನ್ನು ಕೂರಿಸದಿರಲಿ.