ಮಾತಿಗೆ ತಕ್ಕ ಕಿವಿ

ಉಪನಯನ ಒಲ್ಲೆನೆಂದು ಬಾಗೇವಾಡಿಯ ಮನೆ ಬಿಟ್ಟ ಹುಡುಗ ಬಸವಣ್ಣ ಕೂಡಲಸಂಗಮಕ್ಕೆ ಬಂದು ಒಬ್ಬ ಗುರುವಿನ ಆಸರೆ ಪಡೆದ ಎನ್ನುತ್ತದೆ ಪರಂಪರೆ. ಮನೆಯಲ್ಲಿ ಹೇಳಲಾಗದ್ದನ್ನು ಕೇಳಿಸಿಕೊಳ್ಳಲು ಹೊರಗೊಬ್ಬರು ಬೇಕೆನ್ನುವುದು ಹೊಸ ಮಾತೇನಲ್ಲ.

ಇಂದು ಅದೇ ಕೂಡಲಸಂಗಮದ ಹೊಳೆದಂಡೆಯ ಊರುಗಳಲ್ಲಿ ನಿದ್ದೆಗೆಟ್ಟವರು ಎಲ್ಲಿಗೆ ಹೋಗಬೇಕು? ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಕಾಯಿಲೆ ಜೋರಾಗಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಮನೋವೈದ್ಯರು ಔಷಧಿ ಬರೆಯುತ್ತಾರೆ, ಆಪ್ತಸಮಾಲೋಚಕರು ಮಾತಿನಿಂದ ದಾರಿ ಹುಡುಕುತ್ತಾರೆ. ಕೆಲವರಿಗೆ ಎರಡೂ ಬೇಕಾಗುತ್ತವೆ.

ಸಮಾಲೋಚಕರ ಬಳಿ ಹೋದಾಗ ನೀವೂ ಕೇಳಿ: ಏನು ಕಲಿತಿದ್ದೀರಿ? ನಾನು ಹೇಳಿದ್ದು ನಿಮ್ಮಲ್ಲೇ ಉಳಿಯುತ್ತದೆಯೇ? ಫೀ ಎಷ್ಟು? ಇದಕ್ಕಿಂತ ದೊಡ್ಡದು ಇನ್ನೊಂದಿದೆ. ನೀವು ನಿಮ್ಮ ಆಡುಮಾತಿನಲ್ಲಿ ‘ಜೀವಕ್ಕ ಬ್ಯಾಸರಾಗೇದ್ರಿ’ ಎಂದರೆ ಅದರ ತೂಕ ಅವರಿಗೆ ತಿಳಿಯಬೇಕು. ತಿಳಿಯಲಿಲ್ಲವೇ, ಬೇರೊಬ್ಬರನ್ನು ನೋಡಿ. ಇಳಕಲ್ಲಿನ ಅಂಗಡಿಯಲ್ಲಿ ಒಂದು ಸೀರೆಗೆ ಹತ್ತು ಸೀರೆ ಬಿಚ್ಚಿಸುವ ನಾವು, ಮನಸ್ಸಿನ ವಿಷಯದಲ್ಲಿ ಮಾತ್ರ ಮೊದಲು ಸಿಕ್ಕವರ ಮುಂದೆ ಸಂಕೋಚದಿಂದ ತಲೆಯಾಡಿಸಿ ಬರುತ್ತೇವೆ. ಆಮೇಲೆ ‘ಅಲ್ಲೇನೂ ಉಪಯೋಗವಿಲ್ಲ’ ಎಂದು ಊರಿಗೆಲ್ಲ ಹೇಳುತ್ತೇವೆ!

ಬಸ್ಸು ಹತ್ತಲು ಧೈರ್ಯ ಸಾಲದವರಿಗೆ 2022ರ ಅಕ್ಟೋಬರಿನಿಂದ ಸರ್ಕಾರದ ದೂರವಾಣಿ ಸಹಾಯವಾಣಿ ಟೆಲಿ ಮಾನಸ್ ಇದೆ. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಂಖ್ಯೆ ಬರೆದಿಟ್ಟುಕೊಳ್ಳಿ: 14416.