ಜಪಾನಿನ ಔತಣದಲ್ಲಿ ಹೊಸ ಅಕ್ಕಿ
(ಗ್ರಾಮಸೇವಕರ ಭಾಷಣ)



ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆಂದು ನಾವು ಹಳೆಯ ಅಕ್ಕಿಗೇ ಹೆಚ್ಚು ಬೆಲೆ ಕೊಡುತ್ತೇವೆ. ಜಪಾನಿನಲ್ಲಿ ಇದು ತಲೆಕೆಳಗು. ಅಲ್ಲಿ ಹೊಸ ಅಕ್ಕಿಗೆ ‘ಶಿನ್ಮಾಯ್’ ಎಂದು ಹೆಸರು. ಕೊಯ್ಲಾದ ವರ್ಷದ ಡಿಸೆಂಬರ್ 31ರೊಳಗೆ ಚೀಲಕ್ಕೆ ತುಂಬಿದ ಅಕ್ಕಿಗೆ ಮಾತ್ರ ಆ ಹೆಸರು ಹಾಕಬಹುದು.

‘ಕೈಸೆಕಿ’ ಎಂಬುದು ಅವರ ದೊಡ್ಡ ಔತಣ. ಒಂದಾದ ಮೇಲೊಂದು ಹಲವು ಬಗೆ ಬಡಿಸಿ, ಕಡೆಗೆ ಅನ್ನ, ಹುದುಗಿಸಿದ ಸೋಯಾ ಕಾಳಿನ ಸಾರು, ಉಪ್ಪಿನಕಾಯಿ. ಸುಗ್ಗಿಯ ಕಾಲದಲ್ಲಿ ಹೊಸ ಅಕ್ಕಿಯನ್ನು ಎಷ್ಟೋ ಕಡೆ ಮಣ್ಣಿನ ಗಡಿಗೆಯಲ್ಲೇ ಬೇಯಿಸುತ್ತಾರೆ. ಚಹಾ ಕೂಟದ ಕೈಸೆಕಿಯಲ್ಲಂತೂ ಆಗತಾನೆ ಬೆಂದ ಅನ್ನ ಒಂದೆರಡು ತುತ್ತು ಮೊದಲೇ ಬರುತ್ತದೆ. ತುಪ್ಪವಿಲ್ಲ, ಕಲಸುವುದಿಲ್ಲ. ಬರಿಯ ಅನ್ನ!

ಹೀಗೆ ತಿನ್ನುವಾಗ ಅಕ್ಕಿಯ ದೋಷ ಮುಚ್ಚಿಡಲಾಗದು. ಭತ್ತವನ್ನು ಅವಸರದಿಂದ ಒಣಗಿಸಿದರೆ ಕಾಳು ಒಳಗೇ ಬಿರುಕು ಬಿಟ್ಟು ಅನ್ನ ಕೆಡುತ್ತದೆ. ಆದ್ದರಿಂದ ಅಲ್ಲಿ ತೇವ ಶೇಕಡಾ 15ರ ಆಸುಪಾಸಿಗೆ ಬರುವಂತೆ ಹದವಾಗಿ ಒಣಗಿಸುತ್ತಾರೆ. ಹೊಸ ಅಕ್ಕಿಗೆ ಅಡಿಗೆಯವರು ನೀರನ್ನೂ ತುಸು ಕಡಿಮೆ ಹಾಕುವುದುಂಟು.

ಅವರದು ಗಿಡ್ಡ ಕಾಳಿನ, ಸ್ವಭಾವದಿಂದಲೇ ಅಂಟುವ ತಳಿ; ಕಡ್ಡಿಗಳಿಂದ ಎತ್ತಿ ತಿನ್ನಲು ಅದೇ ಅನುಕೂಲ. ನಮ್ಮ ಸಣ್ಣಕ್ಕಿಯನ್ನೂ ಹೊಸದರಲ್ಲೇ ಉಣ್ಣಿರೆಂದು ನಾನು ಹೇಳಲಾರೆ. ಆದರೆ ಕಣದಲ್ಲಿ ಸುಡುಬಿಸಿಲಿಗೆ ತೆಳ್ಳಗೆ ಹರಡಿ, ಕೈಯಾಡಿಸದೆ ಬಿಟ್ಟ ಭತ್ತ ಮಿಲ್ಲಿನಲ್ಲಿ ನುಚ್ಚಾಗುವುದೂ ಇದೇ ಬಿರುಕಿನಿಂದ.