ರಮ್ಯನಾಟಕಗಳಲ್ಲಿ ಮಾಯೆ ಮತ್ತು ಪ್ರೀತಿ

(ಸಂಘದ ನಾಟಕ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣದ ಪಠ್ಯ)



ಷೇಕ್ಸ್‌ಪಿಯರ್ ತನ್ನ ರಂಗಜೀವನದ ಕೊನೆಯ ಘಟ್ಟದಲ್ಲಿ ಬರೆದ ‘ಪೆರಿಕ್ಲಿಸ್’, ‘ಸಿಂಬಲೀನ್’, ‘ದ ವಿಂಟರ್ಸ್ ಟೇಲ್’, ‘ದ ಟೆಂಪೆಸ್ಟ್’ ನಾಟಕಗಳನ್ನು ವಿಮರ್ಶಕರು ರಮ್ಯನಾಟಕಗಳೆಂದು ಕರೆಯುತ್ತಾರೆ. ಈ ಹೆಸರನ್ನು ಕವಿ ಇಟ್ಟದ್ದಲ್ಲ. 19ನೆಯ ಶತಮಾನದಲ್ಲಿ ಎಡ್ವರ್ಡ್ ಡೌಡನ್ ಎಂಬ ವಿದ್ವಾಂಸನಿಂದ ಅದು ಬಳಕೆಗೆ ಬಂದಿತು. ಅಗಲಿದ ತಂದೆಮಕ್ಕಳು, ಕಡಲಿನ ಬಿರುಗಾಳಿ, ದೈವವಾಣಿ, ಸತ್ತರೆಂದು ತಿಳಿದವರ ಪುನರಾಗಮನ ಮುಂತಾದವು ಇವುಗಳ ಸಾಮಗ್ರಿ. ಇದನ್ನು ಕಂಡು, ಇವು ವಾಸ್ತವದಿಂದ ದೂರ ಓಡುವ ನಾಟಕಗಳೆಂದು ಆಕ್ಷೇಪಿಸುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಮಾಯೆ ಇಲ್ಲಿ ಮನುಷ್ಯರನ್ನು ಪರಸ್ಪರ ಎದುರಿಗೆ ತಂದು ನಿಲ್ಲಿಸುತ್ತದೆ, ಅಷ್ಟೆ. ಪ್ರೀತಿಸುವ, ಕ್ಷಮಿಸುವ ಹೊಣೆಯನ್ನು ಅವರೇ ಹೊರಬೇಕಾಗುತ್ತದೆ.

ಆ ಕಾಲದ ಪ್ರೇಕ್ಷಕರಿಗೆ ಮಾಟಮಂತ್ರವೆಂಬುದು ಬರಿಯ ಕಲ್ಪನೆಯಾಗಿರಲಿಲ್ಲ. ದೊರೆ ಜೇಮ್ಸ್ 1597ರಲ್ಲಿ ಪಿಶಾಚವಿದ್ಯೆಯನ್ನು ಖಂಡಿಸಿ ಗ್ರಂಥ ಬರೆದಿದ್ದನು. 1604ರಲ್ಲಿ ಇಂಗ್ಲೆಂಡಿನಲ್ಲಿ ಮಾಟದ ವಿರುದ್ಧ ಕಠಿಣ ಕಾಯಿದೆ ಬಂದಿತು. ಅದೇ ದೊರೆಯ ಆಸ್ಥಾನದಲ್ಲಿ 1611ರ ನವೆಂಬರ್ 1ರಂದು ‘ಟೆಂಪೆಸ್ಟ್’ ಪ್ರದರ್ಶನಗೊಂಡಿತು. ಅಧಿಕಾರಕ್ಕೂ ಮಾಯೆಗೂ ಇರುವ ನಂಟನ್ನು ಆ ಸಭೆ ಅರಿಯದೆ ಇರಲಾರದು.

ಈ ನಾಟಕದ ಪ್ರಾಸ್ಪೆರೊ ತಮ್ಮನ ದ್ರೋಹದಿಂದ ಮಿಲಾನ್ ರಾಜ್ಯವನ್ನು ಕಳೆದುಕೊಂಡು, ಮಗಳು ಮಿರಾಂಡಳೊಡನೆ 12 ವರ್ಷ ದ್ವೀಪದಲ್ಲಿ ಕಳೆದವನು. ಬಿರುಗಾಳಿಯೆಬ್ಬಿಸಿ ವೈರಿಗಳನ್ನು ದಡಕ್ಕೆ ತರುವಷ್ಟು ವಿದ್ಯೆ ಅವನಲ್ಲಿದೆ. ಏರಿಯಲ್ ಎಂಬ ಗಾಳಿಚೇತನದ ಗಾನವು ರಾಜಕುಮಾರ ಫರ್ಡಿನೆಂಡನನ್ನು ಮಿರಾಂಡಳ ಮುಂದೆ ತರುತ್ತದೆ. ಆದರೆ ಮುಂದಿನದನ್ನು ಗಮನಿಸಬೇಕು. ಫರ್ಡಿನೆಂಡ್ ಮರದ ದಿಮ್ಮಿಗಳನ್ನು ಹೊರುತ್ತಿರುವಾಗ ಮಿರಾಂಡ ತಾನೇ ಹೊರಲು ಮುಂದಾಗುತ್ತಾಳೆ. ತಂದೆಯ ಆಜ್ಞೆ ಮೀರಿ ಹೆಸರು ಹೇಳುತ್ತಾಳೆ. ವಿವಾಹದ ಮಾತನ್ನೂ ಅವಳೇ ಎತ್ತುತ್ತಾಳೆ. ತಂದೆ ಮರೆಯಲ್ಲಿ ನಿಂತು ನೋಡುತ್ತಾನೆ. ಭೇಟಿ ಅವನ ಏರ್ಪಾಡಾದರೂ ಆ ಮಾತು ಮಗಳದೇ.

ಕ್ಷಮೆಯ ವಿಷಯವೂ ಹೀಗೆಯೇ. ಸೆರೆಸಿಕ್ಕವರ ಸಂಕಟವನ್ನು ಕಂಡ ಏರಿಯಲ್, ತಾನು ಮನುಷ್ಯನಾಗಿದ್ದರೆ ಕರಗಿಹೋಗುತ್ತಿದ್ದೆನೆನ್ನುತ್ತಾನೆ. ಗಾಳಿಗೇ ಇಷ್ಟು ಮರುಕವಿರುವಾಗ ಮನುಷ್ಯನಾದ ತನಗಿರಬಾರದೆ ಎಂದು ಪ್ರಾಸ್ಪೆರೊ ಸೇಡನ್ನು ಬಿಡುತ್ತಾನೆ. ಕೂಡಲೇ ದಂಡವನ್ನು ಮುರಿದು ಗ್ರಂಥವನ್ನು ಕಡಲಿಗೆಸೆಯುವ ನಿರ್ಧಾರಕ್ಕೆ ಬರುತ್ತಾನೆ. ಇಷ್ಟಾದರೂ ತಮ್ಮ ಆಂಟೋನಿಯೊ ಅಣ್ಣನ ಕ್ಷಮೆಗೆ ಒಂದು ಮಾತಿನ ಉತ್ತರವನ್ನೂ ಕೊಡುವುದಿಲ್ಲ. ಪಶ್ಚಾತ್ತಾಪವನ್ನು ಮಂತ್ರದಿಂದ ಹೊರಡಿಸಲಾಗದು.

‘ವಿಂಟರ್ಸ್ ಟೇಲ್’ ಇನ್ನೂ ನಿಷ್ಠುರವಾದ ನಾಟಕ. ಲಿಯಾಂಟಿಸ್ ದೊರೆಗೆ ಪತ್ನಿ ಹರ್ಮಿಯೋನಳ ಮೇಲೆ ಸಂಶಯ ಹುಟ್ಟಲು ಯಾವ ಮಾಟವೂ ಕಾರಣವಲ್ಲ. ತಪ್ಪು ಸಂಪೂರ್ಣವಾಗಿ ಅವನದು. ಕಾಳಿದಾಸನು ಮಹಾಭಾರತದಲ್ಲಿಲ್ಲದ ದೂರ್ವಾಸರ ಶಾಪವನ್ನು ತಂದು ದುಷ್ಯಂತನ ಹೊಣೆಯನ್ನು ಹಗುರಗೊಳಿಸಿದನು. ಲಿಯಾಂಟಿಸನಿಗೆ ಅಂಥ ವಿನಾಯಿತಿಯಿಲ್ಲ. 16 ವರ್ಷಗಳ ಬಳಿಕ ಹರ್ಮಿಯೋನಳ ಶಿಲಾಪ್ರತಿಮೆ ಚಲಿಸುತ್ತದೆ. ಶಿಲೆಗೆ ಜೀವ ಬಂದಿತೋ, ರಾಣಿ ಮರೆಯಾಗಿ ಬದುಕಿದ್ದಳೋ, ನಾಟಕ ಬಿಡಿಸಿ ಹೇಳುವುದಿಲ್ಲ. ಆದರೆ ಪ್ರತಿಮೆಯ ಮುಖದಲ್ಲಿ ಸುಕ್ಕುಗಳಿವೆ. ದೊರೆ ಅದನ್ನು ಗುರುತಿಸುತ್ತಾನೆ. ಆಕೆ ಪತಿಯನ್ನು ಅಪ್ಪಿಕೊಂಡರೂ ಬಾಯಿ ಬಿಟ್ಟು ಮಾತನಾಡುವುದು ಮಗಳಿಗಾಗಿ ಮಾತ್ರ. ದುಃಖದಿಂದ ಸತ್ತ ಬಾಲಕ ಮಮಿಲಿಯಸ್ ಮರಳುವುದಿಲ್ಲ. ಹೋದ ಕಾಲವನ್ನು ಮಾಯೆ ತಂದುಕೊಡದು.

ಕನ್ನಡಕ್ಕೆ ಈ ಲೋಕ ಹೊಸದಲ್ಲ. ಕುವೆಂಪು ಅವರು 1930ರಲ್ಲಿ ‘ಟೆಂಪೆಸ್ಟ್’ ಅನ್ನು ‘ಬಿರುಗಾಳಿ’ಯಾಗಿ ರೂಪಾಂತರಿಸಿದರು; ಮಾಸ್ತಿಯವರು ‘ಚಂಡಮಾರುತ’ವೆಂದು ಅನುವಾದಿಸಿದರು. ಜನಪದ ಕಥೆಗಳನ್ನಾಧರಿಸಿದ ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ (1988) ಕುರುಡವ್ವ ರಾಣಿಗೆ ವಶೀಕರಣದ ಬೇರು ಕೊಡುತ್ತಾಳೆ. ಚಿಕ್ಕ ಬೇರು ಗಂಡ ಅಪ್ಪಣ್ಣನನ್ನು ಮೂರ್ಛೆ ಬೀಳಿಸುತ್ತದೆ, ಅಷ್ಟೆ. ದೊಡ್ಡ ಬೇರಿನ ಸಾರು ಹುತ್ತಕ್ಕೆ ಬಿದ್ದು ನಾಗ ಮೋಹಗೊಳ್ಳುತ್ತದೆ. ಊರು ರಾಣಿಯನ್ನು ದೇವಿಯೆಂದು ಒಪ್ಪಿದ ಬಳಿಕ ಅಪ್ಪಣ್ಣನೂ ತಲೆಬಾಗುತ್ತಾನೆ. ಆದರೆ ಅದನ್ನು ಪ್ರೀತಿಯೆನ್ನಬಹುದೆ? ಇಲ್ಲಿಯೂ ಮದ್ದು ಗಂಡನ ಮನಸ್ಸನ್ನು ಮುಟ್ಟಲಿಲ್ಲ.

ಹೊರನಾಡಿನಲ್ಲಿ ನೆಲೆಸಿದ ನಮಗೆ ‘ಟೆಂಪೆಸ್ಟ್’ ಇನ್ನೊಂದು ಪ್ರಶ್ನೆಯನ್ನು ಕೇಳುತ್ತದೆ. ದ್ವೀಪದ ಕ್ಯಾಲಿಬನ್ ಮೊದಲು ಪ್ರೀತಿಯಿಂದಲೇ ಪ್ರಾಸ್ಪೆರೊಗೆ ಸಿಹಿನೀರಿನ ಬುಗ್ಗೆಗಳನ್ನು ತೋರಿಸಿದವನು. ಪ್ರಾಸ್ಪೆರೊ ಅವನಿಗೆ ಮಾತು ಕಲಿಸಿದನು. ಬಳಿಕ ಮಿರಾಂಡಳ ಮೇಲೆ ಕ್ಯಾಲಿಬನ್ ಬಲಾತ್ಕಾರಕ್ಕೆ ಯತ್ನಿಸಿದ್ದು ನಿಜ, ಅದು ಕ್ಷಮಾರ್ಹವಲ್ಲ. ಆದರೂ ಮಂತ್ರಬಲದಿಂದ ಅವನನ್ನು ದುಡಿಸಿಕೊಂಡಷ್ಟು ಕಾಲ ಇಬ್ಬರ ನಡುವೆ ಪ್ರೀತಿ ಮತ್ತೆ ಚಿಗುರಲಿಲ್ಲ. ಪರಸ್ಥಳಕ್ಕೆ ಬಂದ ನಮಗೂ ಯಾರೋ ನೀರಿನ ಜಾಗ ತೋರಿಸಿದರು, ಮನೆ ಕೊಡಿಸಿದರು, ತಮ್ಮ ಮಾತು ಕಲಿಸಿದರು. ನಮ್ಮ ರಂಗಮಂದಿರದಲ್ಲಿ ಕನ್ನಡನಾಡನ್ನು ಒಂದು ಸಂಜೆಯ ಮಟ್ಟಿಗೆ ನಿರ್ಮಿಸಿಕೊಳ್ಳುವುದೂ ಒಂದು ಮಾಯೆಯೇ. ಅದು ನಮಗೆ ಬೇಕು. ಆದರೆ ದೀಪವಾರಿಸಿ ಹೊರಬಂದಾಗ ಎದುರಾಗುವ ನೆರೆಯವರೊಡನೆ ನಮ್ಮ ನಂಟು ಎಂಥದು? ಮುಂದಿನ ವರ್ಷದ ನಾಟಕಗಳನ್ನು ಆರಿಸುವಾಗ ಅವರ ಭಾಷೆಯ ಒಂದು ನಾಟಕವನ್ನೂ ಕನ್ನಡಕ್ಕೆ ತಂದು ಆಡೋಣವೆಂದು ಕಾರ್ಯಕಾರಿ ಸಮಿತಿಯನ್ನು ವಿನಂತಿಸಿ, ನನ್ನ ಮಾತು ಮುಗಿಸುತ್ತೇನೆ.